ಕಡವಿನ ಪುಸ್ತಕದಲ್ಲಿ ಭದ್ರಮ್ಮ ಇಲ್ಲ

ನಮ್ಮೂರ ಸೇತುವೆಯ ಬುಡದಲ್ಲಿ ಹೋದ ವರ್ಷ ಒಂದು ಫಲಕ ನಿಲ್ಲಿಸಿದ್ದಾರೆ. ಹೊಳಪು ಕೊಟ್ಟ ಕರಿಕಲ್ಲು, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ಮೇಲೆ 'ಅರ್ಕಾವತಿಯ ಜಲಪರಂಪರೆ' ಎಂದು ದಪ್ಪಗೆ ಕೆತ್ತಿ, ಕೆಳಗೆ ಹೊಳೆ ನಂದಿಬೆಟ್ಟದಲ್ಲಿ ಹುಟ್ಟಿ ಸಂಗಮದಲ್ಲಿ ಕಾವೇರಿ ಸೇರುವ ವಿಷಯ, ಹಿಂದಿನ ಕಾಲದಲ್ಲಿ ಹರಿಗೋಲುಗಳಲ್ಲಿ ರಾಗಿ, ಕುರಿ, ರೇಷ್ಮೆಗೂಡು ದಾಟುತ್ತಿದ್ದ ವಿಷಯ ಬರೆದಿದ್ದಾರೆ. ಕಟ್ಟಕಡೆಯ ಸಾಲು, 'ಮತ್ತಿಕಡವಿನ ಕೊನೆಯ ಅಂಬಿಗ ಶ್ರೀ ಬೀರಲಿಂಗಯ್ಯ' ಅಂತ. ಆ ಸಾಲು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬೀರಲಿಂಗಣ್ಣ ಒಳ್ಳೆಯ ಮನುಷ್ಯ, ಆತನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ದೊಡ್ಡವನಾದ ಮೇಲೆ ಆತ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವನಲ್ಲ. ಕುರಿಗಳಿಗೆ ನೀರು ಕುಡಿಸಲು ಹೋದರೂ ದಡದ ಬಂಡೆಯ ಮೇಲೆ ನಿಂತೇ ಕಾಯುತ್ತಾನೆ. ಆ ಕಡವಿನಲ್ಲಿ ಮೂವತ್ತು ವರ್ಷ ಹುಟ್ಟು ಹಾಕಿದವಳು ಆತನ ಹೆಂಡತಿ ಭದ್ರಮ್ಮ.

ನಾನು ಲತಾಮಣಿ, ಅದೇ ಊರಿನವಳು. ಈಗ ಕನಕಪುರದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಖಾತೆ ಬದಲಾವಣೆ, ವಿಧವಾ ವೇತನ, ರೇಷನ್ ಕಾರ್ಡು, ಏನು ಬೇಕಾದರೂ. 'ಸದರಿ', 'ಮೇರೆಗೆ', 'ಸಲ್ಲಿಸಿರುತ್ತಾರೆ' ಎಂಬ ಭಾಷೆ ನನಗೆ ನೀರು ಕುಡಿದಷ್ಟು ಸಲೀಸು. ಬಾಯಿ ಜೋರು ಎಂದು ಊರಲ್ಲಿ ಹೆಸರಿದೆ. ಇರಲಿ, ಬಾಯಿ ಇಲ್ಲದ ಹೆಂಗಸಿಗೆ ಯಾವ ಕಚೇರಿಯಲ್ಲೂ ಒಬ್ಬನೂ ಕುರ್ಚಿ ತೋರಿಸುವುದಿಲ್ಲ. ಭದ್ರಮ್ಮನ ಅರ್ಜಿಯನ್ನೂ ನಾನೇ ಬರೆದೆ. ಅದರಲ್ಲಿ ನನ್ನಿಂದಲೂ ಒಂದು ದೊಡ್ಡ ತಪ್ಪಾಯಿತು. ಅದನ್ನೂ ಹೇಳುತ್ತೇನೆ, ಬೇರೆಯವರದ್ದನ್ನು ಮಾತ್ರ ಎತ್ತಿ ಆಡುವ ಜಾಯಮಾನ ನನ್ನದಲ್ಲ.

ಭದ್ರಮ್ಮನನ್ನು ನಾವೆಲ್ಲ ಕರೆಯುವುದು ಭದ್ರಕ್ಕ ಎಂದು. ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ. ಅಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು, ಅಕ್ಷರ ದುಂಡಗೆ ಬರುತ್ತಿತ್ತು. ಕೆರೆ ಬಿಟ್ಟರೆ ಬೇರೆ ನೀರು ಕಂಡವಳಲ್ಲ. ಹರಿಯುವ ನೀರನ್ನು ಮೊದಲು ನೋಡಿದ್ದು ಹದಿನೆಂಟರಲ್ಲಿ ನಮ್ಮೂರಿಗೆ ಸೊಸೆಯಾಗಿ ಬಂದಾಗ. ಬಂದ ಮನೆಯವರೂ ಕುರಿ ಸಾಕುವವರೇ, ಆದರೆ ಅವರಿಗೆ ಹೊಲದ ಜೊತೆ ಕಡವೂ ಇತ್ತು. ಕಡವು ಅಂದರೆ ಜನ ಹರಿಗೋಲು ಹತ್ತಿ ಇಳಿಯುವ ಜಾಗ. ಹೈಸ್ಕೂಲು, ಬಸ್ಸು, ಆಸ್ಪತ್ರೆ ಎಲ್ಲ ಹೊಳೆಯ ಆಚೆ; ನಾವು ಈಚೆ. ಆ ಮನೆಯ ಗಂಡಸರು ತಲೆಮಾರುಗಳಿಂದ ಊರನ್ನು ಆಚೆಗೆ ದಾಟಿಸುತ್ತಿದ್ದರು, ಸುಗ್ಗಿಯಲ್ಲಿ ಊರಿನ ಪ್ರತಿ ಮನೆಯವರೂ ಅವರಿಗೆ ರಾಗಿ ಅಳೆದುಕೊಡುತ್ತಿದ್ದರು.

ಆ ಸಾಲು ಬೀರಲಿಂಗಣ್ಣನಲ್ಲಿ ಕಡಿಯಿತು. ಆತನಿಗೆ ಹತ್ತು ವರ್ಷ ಇದ್ದಾಗ ಕುರಿ ತುಂಬಿಕೊಂಡು ಹೋಗುತ್ತಿದ್ದ ಹರಿಗೋಲು ನಡುಹೊಳೆಯಲ್ಲಿ ಮಗುಚಿತು. ಆತ ಅದರ ಅಡಿ ಸಿಕ್ಕಿಕೊಂಡ. ಬೋರಲಾದ ಬುಟ್ಟಿಯ ಒಳಗೆ ಕತ್ತಲು, ಒದ್ದಾಡುವ ಕುರಿಗಳ ಕಾಲು, ಬಾಯ್ತುಂಬ ನೀರು. ಅಪ್ಪ ಹರಿಗೋಲು ಎತ್ತಿ ಎಳೆದು ಹಾಕುವಷ್ಟರಲ್ಲಿ ಹುಡುಗನಿಗೆ ಉಸಿರು ಇತ್ತು ಅಷ್ಟೆ. ಅವತ್ತಿನಿಂದ ಆತ ನೀರಿಗೆ ಇಳಿಯಲಿಲ್ಲ. ಬೈದರು, ಹೊಡೆದರು, ದೇವರಿಗೆ ಹರಕೆ ಹೊತ್ತರು, ಏನೂ ಆಗಲಿಲ್ಲ. ಕಡೆಗೆ ಕುರಿ ಹಿಂಡು ಕೊಟ್ಟು ಕಾಡಂಚಿಗೆ ಕಳಿಸಿದರು. ಅಂಥವನಿಗೆ ಭದ್ರಕ್ಕ ಹೆಂಡತಿಯಾದಳು.

ಮದುವೆಯಾದ ನಾಲ್ಕನೇ ವರ್ಷ ಮಾವ ಬಂಡೆಯ ಮೇಲೆ ಜಾರಿ ಬಲಗೈ ಮುರಿದುಕೊಂಡ. ಪುತ್ತೂರು ಕಟ್ಟು ಹಾಕಿಸಿದರೂ ಕೈ ಮೊದಲಿನ ಹಾಗೆ ಆಗಲಿಲ್ಲ. ಮಳೆಗಾಲ ಎದುರಿಗೇ ಇತ್ತು. ಕಡವು ಖಾಲಿ ಬಿಟ್ಟರೆ ಇನ್ನೊಬ್ಬರು ಬಂದು ಕೂರುತ್ತಾರೆ. ಆಗ ಆ ಮುದುಕ ಸೊಸೆಯನ್ನು ಕರೆದು ಹುಟ್ಟು ಕೈಗೆ ಕೊಟ್ಟ. ಹರಿಗೋಲು ದುಂಡಗಿನ ಬುಟ್ಟಿ, ಅದಕ್ಕೆ ಮುಂದೂ ಇಲ್ಲ ಹಿಂದೂ ಇಲ್ಲ. ಗೊತ್ತಿಲ್ಲದವರು ಹುಟ್ಟು ಹಾಕಿದರೆ ಇದ್ದಲ್ಲೇ ಗಿರ್ರನೆ ಸುತ್ತುತ್ತದೆ. ಮೊದಲ ವಾರ ಭದ್ರಕ್ಕ ಸುತ್ತಿದ್ದೂ ಸುತ್ತಿದ್ದೇ, ದಡದಲ್ಲಿ ನಿಂತವರೆಲ್ಲ ನಗುತ್ತಿದ್ದರಂತೆ. ಹುಟ್ಟನ್ನು ಮುಂದೆ ಊರಿ ನೀರನ್ನು ತನ್ನತ್ತ ಎಳೆದುಕೊಳ್ಳಬೇಕು, ಎದುರಿಗೆ ಕಾಣುವ ಕಡವಿಗೆ ಗುರಿ ಇಡದೆ ಅದಕ್ಕಿಂತ ಮೇಲಿನ ಹೊಳೆಮತ್ತಿ ಮರಕ್ಕೆ ಗುರಿ ಇಡಬೇಕು, ಮಿಕ್ಕದ್ದನ್ನು ಹೊಳೆಯೇ ಮಾಡುತ್ತದೆ ಎಂದು ಮಾವ ದಡದಲ್ಲಿ ಕೂತು ಒಂದೇ ಕೈ ಆಡಿಸುತ್ತ ಹೇಳಿಕೊಟ್ಟ. ಎರಡು ತಿಂಗಳಲ್ಲಿ ಅವಳು ಕಲಿತಳು. ಮರುವರ್ಷ ನಗುತ್ತಿದ್ದವರೇ ಅವಳ ಕೈಯಲ್ಲಿ ತಮ್ಮ ಮಕ್ಕಳನ್ನು ಬಿಟ್ಟು ಮನೆಗೆ ಹೋಗುತ್ತಿದ್ದರು.

ಒಂದು ಕಟ್ಟಳೆ ಮಾತ್ರ ಆ ಮನೆಯಲ್ಲಿ ಹಾಗೇ ಉಳಿಯಿತು. ವರ್ಷಕ್ಕೊಮ್ಮೆ ಬಿದಿರು ಸೀಳಿ ಹೊಸ ಹರಿಗೋಲು ಹೆಣೆದು, ಗೊಬ್ಬರದ ಚೀಲ ಹೊದಿಸಿ, ಟಾರು ಬಳಿದು ಒಣಗಿಸಿದ ಮೇಲೆ ಅದನ್ನು ನೀರಿಗೆ ಬಿಡುವ ದಿನ ಮೊದಲು ಹುಟ್ಟು ಮುಟ್ಟಬೇಕಾದವನು ಮನೆಯ ಗಂಡಸು. ಅವತ್ತು ಬೀರಲಿಂಗಣ್ಣ ಪಾದ ಮುಳುಗುವಷ್ಟು ನೀರಿನಲ್ಲಿ ಕಣ್ಣುಮುಚ್ಚಿ ನಿಂತು ಹುಟ್ಟು ಮುಟ್ಟುತ್ತಿದ್ದ. ಮುಟ್ಟಿದವನೇ ದಡ ಹತ್ತಿ ಕುರಿಗಳ ಕಡೆ ಹೊರಟುಬಿಡುತ್ತಿದ್ದ. ಅದು ಇಡೀ ಊರಿಗೆ ಗೊತ್ತು, ಯಾರೂ ಆಡಿಕೊಳ್ಳುತ್ತಿರಲಿಲ್ಲ. ಆತ ಅತ್ತ ಹೋದ ಮೇಲೆ ಭದ್ರಕ್ಕ ಸೆರಗು ಸೊಂಟಕ್ಕೆ ಬಿಗಿದು ಒಳಗೆ ಕಾಲಿಡುತ್ತಿದ್ದಳು.

ಪಂಚಾಯಿತಿಯಲ್ಲಿ ಆದದ್ದೂ ಇದೇ ಕಟ್ಟಳೆಯ ಮುಂದುವರಿಕೆ ಎನ್ನಬೇಕು. ತೊಂಬತ್ತಮೂರರಲ್ಲಿ ಕಡವಿಗೆ ಒಂದು ಪುಸ್ತಕ ಮಾಡಿದರು. ಪ್ರತಿ ವರ್ಷ ಮಳೆಗೆ ಮುಂಚೆ ಅಂಬಿಗ ಬಂದು ಅದರಲ್ಲಿ ಸಹಿ ಹಾಕಬೇಕು. ಮಾವ ಅಷ್ಟರಲ್ಲಿ ತೀರಿಕೊಂಡಿದ್ದ, ಬೀರಲಿಂಗಣ್ಣ ಕುರಿ ಹೊಡೆದುಕೊಂಡು ಎಲ್ಲೋ ಹೋಗಿದ್ದ, ಭದ್ರಕ್ಕ ಒಬ್ಬಳೇ ಹೋದಳು. ಆಗ ಕಾರ್ಯದರ್ಶಿಯಾಗಿದ್ದ ಕೃಷ್ಣಪ್ಪ ಕೆಟ್ಟವನೇನಲ್ಲ. ಹೆಂಗಸಿನ ಹೆಸರು ಬರೆದರೆ ನಾಳೆ ಯಾರಾದರೂ ತಕರಾರು ತೆಗೆದು ಕಡವನ್ನು ಹರಾಜಿಗೆ ಎಳೆದಾರು, ಗಂಡನ ಹೆಸರಲ್ಲೇ ಇರಲಿ ಎಂದ. ಗಂಡನ ಹೆಸರೇನು ಎಂದು ಕೇಳಿದ. ಭದ್ರಕ್ಕ ತಲೆ ತಗ್ಗಿಸಿದಳು. ಅವಳ ವಯಸ್ಸಿನ ಹೆಂಗಸರು ನಮ್ಮ ಕಡೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ, ಹೇಳಿದರೆ ಆತನ ಆಯುಸ್ಸು ಕಡಿಮೆಯಾಗುತ್ತದೆ ಅನ್ನುತ್ತಾರೆ. ಬರೆಯಲು ಬರುತ್ತೆ ಎಂದಳು. ಕೃಷ್ಣಪ್ಪ ಪೆನ್ನು ಕೊಟ್ಟ. ಅವಳು ದುಂಡಗೆ 'ಬೀರಲಿಂಗಯ್ಯ' ಎಂದು ಬರೆದಳು. ಕೊನೆಯಲ್ಲಿ ಒಂದು ಉದ್ದ ಬಾಲ ಎಳೆದಳು, ಅದು ಅವಳ ಕೈಗುಣ. ಸಹಿಯ ಜಾಗದಲ್ಲೂ ಅದನ್ನೇ ಬರೆದುಬಿಡು ಎಂದು ಕೃಷ್ಣಪ್ಪ ಪುಸ್ತಕ ತಿರುಗಿಸಿದ. ಬರೆದಳು. ಮರುವರ್ಷವೂ ಬರೆದಳು. ಹೀಗೆ ಮೂವತ್ತು ಸಲ.

ನಾನು ಅವಳ ಹರಿಗೋಲಿನಲ್ಲಿ ಹೈಸ್ಕೂಲಿಗೆ ಹೋದವಳು. ಬೆಳಿಗ್ಗೆ ಹೊಳೆಯ ಮೇಲೆ ಮಂಜು ಇರುತ್ತಿತ್ತು, ಎರಡೂ ದಡದ ಮತ್ತಿ ಮರಗಳ ಬಿಳಿ ಕಾಂಡ ಮಾತ್ರ ಕಾಣುತ್ತಿದ್ದವು, ಆಚೆಗೆ ಬೆಟ್ಟದ ಬಂಡೆಗಳು. ನಾವು ಹತ್ತು ಹನ್ನೆರಡು ಹುಡುಗಿಯರು ಒಳಗೆ ಮಂಡಿ ಮಡಿಸಿ ಕೂತರೆ ಅವಳು ನಮ್ಮ ತೂಕ ನೋಡಿ ನೋಡಿ ಜಾಗ ಬದಲಾಯಿಸುತ್ತಿದ್ದಳು. ಎದ್ದು ನಿಂತವಳಿಗೆ ಹುಟ್ಟಿನ ಹಿಡಿಯಿಂದ ಬೆನ್ನಿಗೆ ಒಂದು ತಿವಿತ. ನನಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. ಕುರಿ ದಾಟಿಸುವಾಗ ಹಿಂಡಿನ ಮುಂದಾಳು ಕುರಿಯನ್ನು ಮೊದಲು ಆಚೆ ಬಿಟ್ಟು ಬಂದು, ಅದರ ಕೂಗು ಕೇಳಿಸಿದ ಮೇಲೆ ಉಳಿದವನ್ನು ಹತ್ತಿಸುತ್ತಿದ್ದಳು. ಆಗ ಅವು ಒದ್ದಾಡುವುದಿಲ್ಲ.

ಆಚೆ ದಡದ ರಸ್ತೆ ಸೇರಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಬೇಕಾದ ನಮ್ಮೂರ ಮಕ್ಬೂಲ್ ಒಂದು ಸಲ ಹೊಳೆ ಏರುತ್ತಿರುವಾಗ ಒಂಬತ್ತು ಚೀಲ ಗೂಡು ತಂದಿಟ್ಟುಕೊಂಡು ಕೂತಿದ್ದ. ಗೂಡು ಕಾಯುವುದಿಲ್ಲ, ಬಿಟ್ಟರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದುಕೊಂಡು ಬರುತ್ತದೆ, ನೂಲು ಹಾಳು. ಭದ್ರಕ್ಕ ಎರಡು ಸಲದಲ್ಲಿ ಆರು ಚೀಲ ದಾಟಿಸಿದಳು. ಮೂರನೆಯ ಸಲಕ್ಕೆ ಆಗುವುದಿಲ್ಲ ಎಂದಳು. ಮಕ್ಬೂಲ್ ಗೋಗರೆದ, ಬೈದ, ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಅರ್ಧ ಗಂಟೆಯಲ್ಲಿ ಬೇರು ಸಮೇತ ಮರಗಳು ತೇಲಿಬಂದವು. ಮೂವತ್ತು ವರ್ಷದಲ್ಲಿ ಅವಳ ಕೈಯಿಂದ ಒಬ್ಬ ಮನುಷ್ಯ ಹೋಗಲಿಲ್ಲ, ಒಂದು ಕುರಿಮರಿ ಹೋಗಲಿಲ್ಲ. ಇದು ಆ ಕರಿಕಲ್ಲಿನಲ್ಲಿ ಎಲ್ಲಿದೆ? ಬೆಂಗಳೂರಿನ ಚರಂಡಿ ನೀರು ಬಂದು ಸೇರಿ ಹೊಳೆಯ ಮೇಲೆ ಮಂಚದಷ್ಟು ನೊರೆ ಏಳುತ್ತಿದ್ದದ್ದು, ಅದರೊಳಗೆ ಹುಟ್ಟು ಹಾಕಿ ಹಾಕಿ ಅವಳ ಅಂಗೈ ಬಿರಿದು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದದ್ದು ಎಲ್ಲಿದೆ? ಜಲಪರಂಪರೆಯಂತೆ.

ಸೇತುವೆ ಬೇಡ ಎಂದು ಅವಳು ಯಾವತ್ತೂ ಹೇಳಿದವಳಲ್ಲ. ಬಸುರಿಯರನ್ನು ಮಳೆಯಲ್ಲಿ ದಾಟಿಸಿದವಳಿಗೆ ಸೇತುವೆ ಯಾಕೆ ಬೇಕು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಳತೆಗೆ ಬಂದ ಎಂಜಿನಿಯರುಗಳನ್ನು, ಅವರ ಮೂರು ಕಾಲಿನ ಯಂತ್ರವನ್ನು ಎರಡು ತಿಂಗಳು ತನ್ನ ಹರಿಗೋಲಿನಲ್ಲೇ ತಿರುಗಿಸಿದಳು. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡಿ ಹೇಳಿದಳು. ನೀರಿನಡಿ ಬಂಡೆ ಎಲ್ಲಿದೆ, ಮರಳು ಎಲ್ಲಿದೆ, ಪ್ರವಾಹದಲ್ಲಿ ಹೊಳೆ ಯಾವ ಕಡೆ ತಿರುಗುತ್ತದೆ, ಎಲ್ಲ ತೋರಿಸಿದಳು. ಈಗಿರುವ ನಡುಗಂಬ ನಿಂತಿರುವುದು ಅವಳು ಬೆರಳಿಟ್ಟ ಬಂಡೆಯ ಮೇಲೆ. ಎರಡು ಸಾವಿರದ ಇಪ್ಪತ್ತಮೂರರಲ್ಲಿ ಸೇತುವೆ ಉದ್ಘಾಟನೆಯಾಯಿತು. ಭದ್ರಕ್ಕ ಜನರ ಹಿಂದೆ ನಿಂತು ಚಪ್ಪಾಳೆ ತಟ್ಟಿದಳು. ಮಾರನೆಯ ದಿನದಿಂದ ಅವಳಿಗೆ ಕೆಲಸ ಇರಲಿಲ್ಲ. ಐವತ್ತೈದು ವರ್ಷದ ಹೆಂಗಸು ಹಿಪ್ಪುನೇರಳೆ ತೋಟಗಳಲ್ಲಿ ಕಳೆ ಕೀಳಲು ಕೂಲಿಗೆ ಹೋದಳು. ಸಂಜೆ ಬರುವಾಗ ಸೇತುವೆಯ ಮೇಲೆ ನಿಂತು ನೀರು ನೋಡುತ್ತಿದ್ದಳು. ಹೊಳೆ ಇಲ್ಲದೆ ನಿದ್ದೆ ಹತ್ತುತ್ತಿಲ್ಲ ಎಂದು ನನ್ನ ಹತ್ತಿರ ಒಂದು ಸಲ ಹೇಳಿದಳು.

ಅಷ್ಟರಲ್ಲಿ ಸೇತುವೆ ನೋಡಲು ಶನಿವಾರ ಭಾನುವಾರ ಕಾರುಗಳಲ್ಲಿ ಜನ ಬರತೊಡಗಿದರು. ಬಂಡೆ, ಮತ್ತಿ ಮರ, ಬೆಟ್ಟ, ಎಲ್ಲ ಫೋಟೋಕ್ಕೆ ಚೆನ್ನ. ಒಂದು ಇಲಾಖೆಯವರು 'ಪಾರಂಪರಿಕ ಹರಿಗೋಲು ವಿಹಾರ' ಎಂದು ಯೋಜನೆ ಮಾಡಿದರು. ನಮ್ಮ ಕಡವಿಗೆ ಒಂದೇ ಪರವಾನಗಿ. ಅದೇ ಕಡವಿನಲ್ಲಿ ಕನಿಷ್ಠ ಹತ್ತು ವರ್ಷ ಹರಿಗೋಲು ನಡೆಸಿದವರಿಗೆ ಮೊದಲ ಹಕ್ಕು. ಅಂಥವರು ಯಾರೂ ಇಲ್ಲದಿದ್ದರೆ ಟೆಂಡರು. ಟೆಂಡರು ಹಿಡಿಯಲು ಫೈಬರ್ ದೋಣಿಗಳ ಕಂಟ್ರಾಕ್ಟರ್ ಒಬ್ಬ ಆಗಲೇ ಬಂದು ಕಡವಿನ ಫೋಟೋ ತೆಗೆದುಕೊಂಡು ಹೋಗಿದ್ದ. ಪರವಾನಗಿ ಸಿಕ್ಕವರಿಗೆ ಫೋಟೋ ಅಂಟಿಸಿದ ಒಂದು ಕಾರ್ಡು ಕೊಡುತ್ತಾರೆ, ಅದನ್ನು ಕೊರಳಿಗೆ ಹಾಕಿಕೊಂಡೇ ಹರಿಗೋಲಿನಲ್ಲಿ ಕೂರಬೇಕು. ಭದ್ರಕ್ಕ ಬಸ್ಸು ಹತ್ತಿ ಕನಕಪುರಕ್ಕೆ ನನ್ನ ಹತ್ತಿರ ಬಂದಳು.

"ನನ್ ಹೆಸ್ರಲ್ಲೇ ಬರಿ ಕಣವ್ವ. ಈ ಸಲ ಬ್ಯಾರೆ ಹೆಸ್ರು ಬ್ಯಾಡ," ಎಂದಳು.

ಅರ್ಜಿ ಆನ್‌ಲೈನು. ಸಹಿಯೂ ಇಲ್ಲ, ಹೆಬ್ಬೆಟ್ಟೂ ಇಲ್ಲ, ಮೊಬೈಲಿಗೆ ಬಂದ ನಂಬರು ಹೊಡೆದರಾಯಿತು. ಅನುಭವಕ್ಕೆ ದಾಖಲೆ ಬೇಕು ಅಂದಿದ್ದರು. ನಾನು ಮಹಾ ಬುದ್ಧಿವಂತೆ, ಪಂಚಾಯಿತಿಗೆ ಹೋಗಿ ಕಡವಿನ ಪುಸ್ತಕದ ಮೂವತ್ತೂ ಪುಟಗಳ ನಕಲು ತೆಗೆಸಿ ಜೊತೆಗೆ ಸೇರಿಸಿದೆ. ಕಡವು ಇವರ ಮನೆಯದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಏನು ಬೇಕು ಎಂದುಕೊಂಡೆ. ಪುಟಗಳ ಮೇಲಿದ್ದ ಸಹಿ ಯಾರದ್ದು ಎಂದು ಯೋಚನೆಯನ್ನೇ ಮಾಡಲಿಲ್ಲ. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಗೊತ್ತಿಲ್ಲದವರೂ ಅದನ್ನು ಓದುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ. ಇಪ್ಪತ್ತು ವರ್ಷ ಅರ್ಜಿ ಬರೆದವಳು ಮಾಡುವ ತಪ್ಪೇ ಇದು?

ಹೋದ ಮಾರ್ಚಿನಲ್ಲಿ ವಿಚಾರಣೆಗೆ ಅನಂತರಾಜು ಎಂಬ ಅಧಿಕಾರಿ ಬಂದ. ಪಂಚಾಯಿತಿ ಹಾಲಿನಲ್ಲಿ ಮೇಜು ಹಾಕಿದ್ದರು. ಭದ್ರಕ್ಕ ಹಸಿರು ಸೀರೆ ಉಟ್ಟು ಬಂದಿದ್ದಳು. ಬೀರಲಿಂಗಣ್ಣ ಕಂಬಳಿ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ಮಕ್ಬೂಲ್ ಮತ್ತು ಎರಡೂ ದಡದ ಇಪ್ಪತ್ತು ಮೂವತ್ತು ಜನ ಸಾಕ್ಷಿ ಹೇಳಲು ಬಂದಿದ್ದರು. ಬಾಯಿಮಾತು ದಾಖಲೆಯಾಗುವುದಿಲ್ಲ ಎಂದು ಅನಂತರಾಜು ಅವರನ್ನೆಲ್ಲ ಹೊರಗೆ ಕೂರಿಸಿದ. ಗೂಡು ಚೀಲ ದಾಟಿಸಿದ್ದು ಹೇಳಲು ಬಂದ ಮಕ್ಬೂಲ್, ಐವತ್ತು ಮೈಲಿ ದೂರದಿಂದ ಬಂದವರಿಗೆ ನಮ್ಮ ಹೊಳೆ ಕಾಗದದಲ್ಲೇ ಹರಿಯುತ್ತೆ ಎಂದು ಗೊಣಗಿಕೊಂಡು ಎದ್ದುಹೋದ.

ಆಮೇಲೆ ಫಾರಂ ತುಂಬಲು ಶುರುವಾಯಿತು. ಹೆಸರು, ವಯಸ್ಸು, ಗಂಡನ ಹೆಸರು. ಭದ್ರಕ್ಕ ತಲೆ ತಗ್ಗಿಸಿದಳು. ಅನಂತರಾಜು ಇನ್ನೊಂದು ಸಲ ಕೇಳಿದ. ಬಾಯಲ್ಲಿ ಹೇಳುವ ಹಾಗಿಲ್ಲ, ಬರೆಯುತ್ತೇನೆ ಎಂದಳು. ನಾನು ಪಕ್ಕದಲ್ಲೇ ಇದ್ದೆ. ನಾನೇ ಹೇಳಿಬಿಟ್ಟಿದ್ದರೆ ಮುಗಿಯುತ್ತಿತ್ತು, ಏನು ದೆವ್ವ ಹಿಡಿದಿತ್ತೋ ಸುಮ್ಮನೆ ನಿಂತಿದ್ದೆ. ಅವಳು ಪೆನ್ನು ತೆಗೆದುಕೊಂಡು ಫಾರಮ್ಮಿನ ಮೇಲೆ ದುಂಡಗೆ ಬರೆದಳು, ಕೊನೆಯಲ್ಲಿ ಬಾಲ ಎಳೆದಳು. ಆ ಮನುಷ್ಯ ಫಾರಂ ನೋಡಿದ. ಕಡವಿನ ಪುಸ್ತಕದ ನಕಲು ನೋಡಿದ. ಒಂದು ಪುಟ ತಿರುಗಿಸಿದ, ಇನ್ನೊಂದು ತಿರುಗಿಸಿದ. ನನಗೆ ಆಗ ಅರ್ಥವಾಯಿತು, ಎರಡರಲ್ಲೂ ಅದೇ ದುಂಡಕ್ಷರ, ಅದೇ ಬಾಲ.

ಬೀರಲಿಂಗಣ್ಣನನ್ನು ಕರೆದು ಸಹಿ ಮಾಡಲು ಹೇಳಿದ. ಆತ ತನಗೆ ಓದುಬರಹ ಇಲ್ಲ, ಹೆಬ್ಬೆಟ್ಟು ಎಂದ. ಅನಂತರಾಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಪುಸ್ತಕದ ಸಹಿಗಳೆಲ್ಲ ಫೋರ್ಜರಿ, ಸರ್ಕಾರಿ ದಾಖಲೆಯಲ್ಲಿ ಬೇರೆಯವರ ಹೆಸರಿಗೆ ಸಹಿ ಹಾಕುವುದು ಅಪರಾಧ, ಕೇಸಾಗುತ್ತದೆ ಎಂದ. ಆಮೇಲೆ ದನಿ ತಗ್ಗಿಸಿ ಒಂದು ಉಪಾಯ ಹೇಳಿದ. ಪುಸ್ತಕದಲ್ಲಿರುವುದು ಗಂಡನ ಹೆಸರು ತಾನೆ, ಆತನೇ ಅರ್ಜಿ ಹಾಕಲಿ, ಆತನ ಫೋಟೋ, ಆತನ ಹೆಬ್ಬೆಟ್ಟು, ಆತನ ಕಾರ್ಡು. ಸಹಿಯ ವಿಷಯ ತಾನು ನೋಡಲೇ ಇಲ್ಲ ಅಂದುಕೊಳ್ಳುತ್ತಾನೆ. ಮೇಲಿನವರು ತಪಾಸಣೆಗೆ ಬಂದ ದಿನ ಗಂಡ ಕಾರ್ಡು ಹಾಕಿಕೊಂಡು ಕೂತರೆ ಸಾಕು, ಮಿಕ್ಕ ದಿನ ಹೆಂಡತಿ ಮೊದಲಿನ ಹಾಗೆ ಹುಟ್ಟು ಹಾಕಿಕೊಂಡಿರಲಿ.

ಮುಚ್ಚಿಡುವುದು ಯಾಕೆ, ನಾನೂ ಒಪ್ಪಿಕೋ ಎಂದೆ. ಭದ್ರಕ್ಕನ ಕಿವಿಯಲ್ಲಿ, ಕೇಸು ಬೇಡ, ಹೊಳೆ ಸಿಗುತ್ತದಲ್ಲ, ಹೂಂ ಅಂದುಬಿಡು ಎಂದೆ. ಅವಳು ನನ್ನ ಮುಖ ನೋಡಿದ ನೋಟ ನನಗೆ ಈಗಲೂ ಚುಚ್ಚುತ್ತದೆ. ಅವಳು ಮಾತಾಡುವ ಮೊದಲೇ ಬಾಗಿಲ ಬಳಿಯಿಂದ ಬೀರಲಿಂಗಣ್ಣ ಮುಂದೆ ಬಂದ. ಅರವತ್ತು ವರ್ಷದಲ್ಲಿ ನಾಲ್ಕು ಜನರ ಎದುರು ದನಿ ಎತ್ತಿದವನಲ್ಲ.

"ಸ್ವಾಮಿ, ಹತ್ನೇ ವಯಸ್ಸಿಂದ ಈಚ್ಗೆ ನಾನು ತೆಪ್ಪ ಹತ್ತಿದೋನಲ್ಲ. ನೀರು ಕಂಡ್ರೆ ನಂಗೆ ಈಗ್ಲೂ ಕೈಕಾಲು ನಡುಗ್ತವೆ. ಊರ್ಗೆಲ್ಲ ಗೊತ್ತು, ನಿಮ್ಗೂ ಗೊತ್ತಾಗ್ಲಿ. ಅವ್ಳು ಮಾಡಿದ್ ಕೆಲ್ಸಕ್ಕೆ ನಾನು ಹೆಬ್ಬೆಟ್ಟು ಒತ್ತಾಕಿಲ್ಲ," ಎಂದ.

ಭದ್ರಕ್ಕ ಎದ್ದು ಮೇಜಿನ ಹತ್ತಿರ ಹೋಗಿ ಆ ಪುಟಗಳ ಮೇಲೆ ಕೈ ಇಟ್ಟಳು.

"ಈ ಸೈನು ನಂದೇ ಸಾ. ಮೂವತ್ತೂ ನಂದೇ. ಸೈನು ಸುಳ್ಳು ಅಂತ ಬರ್ಕಳಿ, ನಾನು ಬ್ಯಾಡ ಅನ್ನಾಕಿಲ್ಲ. ಕೆಲ್ಸ ಸುಳ್ಳು ಅಂತ ಮಾತ್ರ ಬರೀಬ್ಯಾಡಿ."

ಅನಂತರಾಜು ಅವಳ ಹೇಳಿಕೆ ಬರೆಸಿಕೊಂಡ. ಕೆಳಗೆ ಸಹಿ ಮಾಡಲು ಅವಳು ಪೆನ್ನಿಗೆ ಕೈ ಚಾಚಿದಳು. ಆತ ಪೆನ್ನು ಕೊಡಲಿಲ್ಲ, ಇಂಕಿನ ಪ್ಯಾಡು ಅವಳ ಮುಂದೆ ತಳ್ಳಿದ. ನಿಮ್ಮ ಸಹಿ ನಂಬುವ ಹಾಗಿಲ್ಲವಮ್ಮ, ಹೆಬ್ಬೆಟ್ಟೇ ಒತ್ತಿ ಎಂದ. ಅಕ್ಷರ ಬಲ್ಲ ಹೆಂಗಸು, ಹೊರಗಿದ್ದ ಊರವರೆಲ್ಲ ಕಿಟಕಿಯಲ್ಲಿ ನೋಡುತ್ತಿದ್ದ ಹಾಗೆ, ಹೆಬ್ಬೆಟ್ಟು ಒತ್ತಿದಳು. ನನ್ನ ಬಾಯಿ ಆಗ ತೆರೆಯಿತು ನೋಡಿ. ಕಡವಿನ ಪುಸ್ತಕ ಮಾಡಿದವರು ನೀವು, ಹೆಂಗಸಿನ ಹೆಸರು ಬೇಡ ಎಂದವರು ನೀವು, ಅದೇ ಪುಸ್ತಕ ನೋಡಿ ಕಲ್ಲಿನ ಮೇಲೆ ಸುಳ್ಳು ಕೆತ್ತಿಸಿದವರು ನೀವು, ಈಗ ಕಳ್ಳಿ ಇವಳೋ ಎಂದು ಕೇಳಿದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಅನಂತರಾಜು ಫೈಲು ಮಡಿಸಿಕೊಂಡು ಜೀಪು ಹತ್ತಿದ. ಭದ್ರಕ್ಕ ಸೀರೆಯ ಸೆರಗಿಗೆ ಬೆರಳಿನ ಮಸಿ ಒರೆಸಿಕೊಳ್ಳುತ್ತಿದ್ದಳು. ಅದು ಹೋಗುತ್ತಿರಲಿಲ್ಲ.

ಎರಡು ತಿಂಗಳು ಬಿಟ್ಟು ಆದೇಶ ಬಂತು. ಅಂಚೆಯವನು ಕೊಟ್ಟದ್ದನ್ನು ಒಡೆಯದೆಯೇ ಹಿಡಿದುಕೊಂಡು ಅವಳು ನನ್ನ ಅಂಗಡಿಗೆ ಬಂದಳು. ನಾನು ಓದಿದೆ. ಅದರ ಎರಡನೆಯ ಪ್ಯಾರಾ ಹೀಗಿದೆ, ಒಂದಕ್ಷರ ಬದಲಾಯಿಸದೆ ಕೊಡುತ್ತೇನೆ: 'ಮತ್ತಿಕಡವಿನಲ್ಲಿ 1993ರಿಂದ 2023ರವರೆಗೆ ಹರಿಗೋಲು ನಡೆಸಿದವರು ಪರವಾನಗಿದಾರರಾದ ಶ್ರೀ ಬೀರಲಿಂಗಯ್ಯನವರಾಗಿರದೆ, ಅವರ ಪತ್ನಿ ಶ್ರೀಮತಿ ಭದ್ರಮ್ಮನವರೇ ಆಗಿರುವುದು ವಿಚಾರಣೆಯಿಂದ ದೃಢಪಟ್ಟಿರುತ್ತದೆ. ಸದರಿಯವರು ತಮ್ಮ ಹೆಸರಿನಲ್ಲಿ ಪರವಾನಗಿ ಇಲ್ಲದೆ ಹರಿಗೋಲು ನಡೆಸಿರುವುದರಿಂದ ಅವರ ಅನುಭವವನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಿ, ಪರವಾನಗಿಯನ್ನು ಟೆಂಡರ್ ಮೂಲಕ ನೀಡಲು ಆದೇಶಿಸಿದೆ.'

ಮೂವತ್ತು ವರ್ಷ ದುಡಿದಿದ್ದಾಳೆ ಎಂದು ಅವರೇ ದೃಢಪಡಿಸುತ್ತಾರೆ, ದೃಢಪಟ್ಟದ್ದರಿಂದಲೇ ಕೊಡುವುದಿಲ್ಲ ಅನ್ನುತ್ತಾರೆ. ಥೂ, ಇವರ ನ್ಯಾಯಕ್ಕೆ ಬೆಂಕಿ ಹಾಕ. ನಾನು ಕಾಗದವನ್ನು ಮೇಜಿಗೆ ಕುಕ್ಕಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ, ಜೆರಾಕ್ಸಿಗೆ ಬಂದವರೆಲ್ಲ ತಿರುಗಿ ನೋಡುತ್ತಿದ್ದರು. ಭದ್ರಕ್ಕ ಮಾತ್ರ ಆ ಕಾಗದವನ್ನು ಎತ್ತಿಕೊಂಡು ಮೊದಲನೆಯ ವಾಕ್ಯವನ್ನು ಇನ್ನೊಂದು ಸಲ ಓದು ಎಂದಳು. ಓದಿದೆ. ಮತ್ತೊಂದು ಸಲ ಓದಿಸಿದಳು. ಇದನ್ನು ಬರೆದವರು ಸರ್ಕಾರದವರೇ ತಾನೆ ಎಂದು ಕೇಳಿದಳು. ಹೌದು ಎಂದೆ. ಮೊಹರು ಇದೆಯಾ ಎಂದಳು. ಇದೆ ಎಂದು ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು.

"ಹಂಗಾರೆ ನಮ್ಗೆ ಬೇಕಾಗಿದ್ದ ದಾಖ್ಲೆ ಇದೇ ಕಣವ್ವ. ಇಷ್ಟು ವರ್ಷ ನನ್ ಹೆಸ್ರಲ್ಲಿ ಒಂದು ಕಾಗ್ದ ಇರ್ನಿಲ್ಲ, ಈಗ ಅವ್ರೇ ಬರ್ದ್ಕೊಟ್ಟವ್ರೆ. ಇದ್ನೇ ಸಾಕ್ಷಿ ಮಾಡಿ ಮೇಲಿನೋರ್ಗೆ ಬರಿ," ಎಂದಳು.

ನನಗೆ ನಾಚಿಕೆಯಾಯಿತು. ಕಚೇರಿ ಭಾಷೆ ಬಲ್ಲವಳು ನಾನು, ಅದರಲ್ಲಿದ್ದದ್ದನ್ನು ಕಂಡವಳು ಅವಳು. ಅವತ್ತೇ ಕೂತು ಮೇಲ್ಮನವಿ ಬರೆದೆ. ಅನುಭವದ ದಾಖಲೆ ಎಂಬಲ್ಲಿ ಅವರದ್ದೇ ಆದೇಶದ ನಂಬರು, ತಾರೀಖು ಹಾಕಿದೆ. ಮೇಲ್ಮನವಿ ಆನ್‌ಲೈನಲ್ಲ, ಕಾಗದದ ಮೇಲೆಯೇ ಕೊಡಬೇಕು, ಸಹಿ ಬೇಕೇ ಬೇಕು. ಪ್ರಿಂಟು ತೆಗೆದು ಅವಳ ಮುಂದಿಟ್ಟು ಪೆನ್ನು ಕೊಟ್ಟೆ. ಹೊಳೆಯ ಕಾಗದ ಅಂದರೆ ಆ ಕೈಗೆ ಒಂದೇ ಅಭ್ಯಾಸ. ಅವಳು 'ಬೀರ' ಎಂದು ಬರೆದು ನಿಂತಳು. ನಾನು ಇನ್ನೊಂದು ಹಾಳೆ ಪ್ರಿಂಟು ಹಾಕುತ್ತೇನೆ ಎಂದು ಎದ್ದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು. ಆ ಎರಡು ಅಕ್ಷರದ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ನಿಧಾನವಾಗಿ 'ಭದ್ರಮ್ಮ' ಎಂದು ಬರೆದಳು.

"ಇರ್ಲಿ ಬುಡು," ಎಂದಳು. "ಹೊಡ್ದಾಕಿರೋದೂ ಅವ್ರಿಗೆ ಕಾಣ್ಲಿ."